ಒಂದೇ ಸರ್ವರಿನಲ್ಲಿ ಹಳೆಯ ಪಿಎಚ್‌ಪಿ, ಹೊಸ ಪಿಎಚ್‌ಪಿ

ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ಉದ್ದಿಮೆಗಳು ನೋಂದಾಯಿತ ವರ್ತಕರಿಗೆ ಮಾಡುವ ಮಾರಾಟಕ್ಕೆ ಇ-ಇನ್‌ವಾಯ್ಸ್ ನೀಡಬೇಕೆಂಬ ನಿಯಮವು 2023ರ ಆಗಸ್ಟ್ 1ರಿಂದ ಜಾರಿಗೆ ಬಂದಿತು. ಸ್ವಂತ ತಂತ್ರಾಂಶ ಬರೆಸಿಕೊಂಡಿರುವ ಸಣ್ಣ ಉದ್ದಿಮೆದಾರರಿಗೆ ಇದು ತಂದೊಡ್ಡುವ ಇಕ್ಕಟ್ಟೊಂದಿದೆ. ತೂಬಗೆರೆ ಹೋಬಳಿಯಲ್ಲಿ ವಿದ್ಯುತ್ ಮಗ್ಗಗಳನ್ನಿಟ್ಟು ರೇಷ್ಮೆ ಸೀರೆ ನೇಯಿಸುವ ಉದ್ದಿಮೆದಾರರೊಬ್ಬರನ್ನು ಊಹಿಸಿಕೊಳ್ಳೋಣ. ಆರ್ಡರ್ ಪುಸ್ತಕ, ನೂಲಿನ ದಾಸ್ತಾನು, ನೇಕಾರರ ಕೂಲಿ ಲೆಕ್ಕ ಎಲ್ಲವೂ 2012ರಲ್ಲಿ ಬರೆಸಿದ ತಂತ್ರಾಂಶದಲ್ಲಿವೆ. ಅದು ಪಿಎಚ್‌ಪಿ 5ರಲ್ಲಿ ರಚಿತವಾದುದು. ಇ-ಇನ್‌ವಾಯ್ಸ್ ಜೋಡಿಸಲು ಬಂದ ತಂತ್ರಜ್ಞರು ತಮ್ಮ ಭಾಗಕ್ಕೆ ಪಿಎಚ್‌ಪಿ 8 ಬೇಕೆನ್ನುತ್ತಾರೆ. ಹೊಸದನ್ನು ಹಾಕಿದರೆ ಹಳೆಯದು ನಿಲ್ಲುತ್ತದೆ, ಹಳೆಯದನ್ನು ಉಳಿಸಿಕೊಂಡರೆ ಹೊಸದು ಬರುವುದಿಲ್ಲ. ಎಲ್ಲವನ್ನೂ ಮತ್ತೆ ಬರೆಸುವುದೆಂದರೆ ಹಣವೂ ಬೇಕು, ತಿಂಗಳುಗಟ್ಟಲೆ ಕಾಲವೂ ಬೇಕು.

ವಾಸ್ತವವಾಗಿ ಇವೆರಡರಲ್ಲಿ ಒಂದನ್ನೇ ಆರಿಸಬೇಕೆಂಬ ನಿರ್ಬಂಧವಿಲ್ಲ. ಒಂದೇ ಸರ್ವರಿನಲ್ಲಿ ಎರಡೂ ಆವೃತ್ತಿಗಳನ್ನು ಏಕಕಾಲಕ್ಕೆ ನಡೆಸಬಹುದು.

ಆವೃತ್ತಿ ಬದಲಾದರೆ ತಂತ್ರಾಂಶವೇಕೆ ನಿಲ್ಲುತ್ತದೆ ಎಂಬುದನ್ನು ಮೊದಲು ಅರಿಯಬೇಕು. ರಾಸ್ಮಸ್ ಲೆರ್ಡಾರ್ಫ್ ಅವರು 1995ರಲ್ಲಿ ಬಿಡುಗಡೆ ಮಾಡಿದ ಪಿಎಚ್‌ಪಿ, ಕಾಲಕಾಲಕ್ಕೆ ಹಳೆಯ ಸೂಚನೆಗಳನ್ನು ಕೈಬಿಡುತ್ತ ಬೆಳೆದ ಭಾಷೆ. ದತ್ತಸಂಚಯವನ್ನು ಸಂಪರ್ಕಿಸಲು ಹಿಂದೆ ಎಲ್ಲರೂ ಬಳಸುತ್ತಿದ್ದ ಮೈಎಸ್‌ಕ್ಯೂಎಲ್ ಆದೇಶಗಳನ್ನು 2015ರ ಡಿಸೆಂಬರಿನಲ್ಲಿ ಬಂದ 7.0ರಲ್ಲಿ ತೆಗೆದುಹಾಕಲಾಯಿತು. (5ರ ನಂತರ 7 ಹೇಗೆ ಬಂದಿತೆಂದು ಕೇಳುವವರಿದ್ದಾರೆ. ಯೂನಿಕೋಡನ್ನು ಬುಡದಿಂದಲೇ ಅಳವಡಿಸಲು ಹೊರಟ 6ನೇ ಆವೃತ್ತಿಯನ್ನು 2010ರಲ್ಲಿ ಕೈಬಿಡಲಾಯಿತು.)

ಎರಡು ಆವೃತ್ತಿಗಳು ಹೊಂದಿಕೊಂಡು ನಡೆಯುವ ಬಗೆ ನಮ್ಮ ಕಾರ್ಖಾನೆಗಳಿಗೆ ಹೊಸದೇನಲ್ಲ. ಹಿಂದಿನ ಗಿರಣಿಗಳಲ್ಲಿ ಒಂದೇ ಎಂಜಿನ್ನಿನಿಂದ ಲೈನ್ ಶಾಫ್ಟ್ ಓಡಿಸಿ, ಬೆಲ್ಟುಗಳ ಮೂಲಕ ಎಲ್ಲ ಯಂತ್ರಗಳನ್ನೂ ನಡೆಸುತ್ತಿದ್ದರು. ಶಾಫ್ಟ್ ನಿಂತರೆ ಎಲ್ಲವೂ ನಿಲ್ಲುತ್ತಿದ್ದವು. ಈಗಿನ ಮಗ್ಗಗಳಿಗೆ ತಮ್ಮತಮ್ಮದೇ ಮೋಟಾರು ಇದೆ. ಪಿಎಚ್‌ಪಿಯನ್ನು ಅಪಾಚೆ ಸರ್ವರಿನೊಳಗೆ ಮಾಡ್ಯೂಲಾಗಿ ಕೂರಿಸುವ ಹಳೆಯ ಕ್ರಮವು ಲೈನ್ ಶಾಫ್ಟಿನಂಥದು. ಇಡೀ ಸರ್ವರಿಗೆ ಒಂದೇ ಆವೃತ್ತಿ. 2010ರಲ್ಲಿ 5.3.3ರೊಂದಿಗೆ ಪಿಎಚ್‌ಪಿಗೇ ಸೇರ್ಪಡೆಯಾದ ಎಫ್‌ಪಿಎಂ ಎಂಬ ವ್ಯವಸ್ಥೆಯಲ್ಲಿ ಪಿಎಚ್‌ಪಿ ಸರ್ವರಿನ ಹೊರಗೆ ಪ್ರತ್ಯೇಕ ಸೇವೆಯಾಗಿ ಓಡುತ್ತದೆ. 5.6ಕ್ಕೆ ಒಂದು ಸೇವೆ, 8.3ಕ್ಕೆ ಇನ್ನೊಂದು, ಪ್ರತಿಯೊಂದಕ್ಕೂ ತನ್ನದೇ ಸಾಕೆಟ್. ಅಪಾಚೆ ಅಥವಾ ಎಂಜಿನ್‌ಎಕ್ಸ್ ಸರ್ವರು ಬಂದ ಕೋರಿಕೆ ಯಾವ ವಿಳಾಸಕ್ಕೆ ಸೇರಿದೆಯೆಂದು ನೋಡಿ ಆಯಾ ಸಾಕೆಟ್ಟಿಗೆ ಒಪ್ಪಿಸುತ್ತದೆ. ಆರ್ಡರ್ ಪುಸ್ತಕವಿರುವ ಉಪವಿಳಾಸವು ಹಳೆಯದಕ್ಕೆ, ಬಿಲ್ಲಿನ ಉಪವಿಳಾಸವು ಹೊಸದಕ್ಕೆ. ಒಂದನ್ನು ನಿಲ್ಲಿಸಿದರೆ ಮತ್ತೊಂದಕ್ಕೆ ಬಾಧೆಯಿಲ್ಲ.

ಸ್ವಂತ ಲಿನಕ್ಸ್ ಸರ್ವರು ಇದ್ದವರಿಗೆ ಡೆಬಿಯನ್, ಉಬುಂಟುಗಳಲ್ಲಿ ಓಂಡ್ರೆಯ್ ಸೂರಿ ಅವರ ಭಂಡಾರವೂ, ರೆಡ್ ಹ್ಯಾಟ್ ಬಳಗದ ವ್ಯವಸ್ಥೆಗಳಲ್ಲಿ ರೆಮಿ ಕೋಲೆ ಅವರ ಭಂಡಾರವೂ ಹಲವು ಆವೃತ್ತಿಗಳನ್ನು ಅಕ್ಕಪಕ್ಕದಲ್ಲಿ ಅಳವಡಿಸಲು ನೆರವಾಗುತ್ತವೆ. ಬಾಡಿಗೆಯ ಹೋಸ್ಟಿಂಗ್ ಪಡೆದವರ ಕೆಲಸ ಇನ್ನೂ ಸುಲಭ. ಸಿಪ್ಯಾನೆಲ್‌ನ ಮಲ್ಟಿಪಿಎಚ್‌ಪಿ ಮ್ಯಾನೇಜರಿನಲ್ಲಿ, ಹೋಸ್ಟಿಂಗ್ ಸಂಸ್ಥೆ ಅಳವಡಿಸಿರುವ ಆವೃತ್ತಿಗಳ ಪೈಕಿ ಯಾವುದು ಯಾವ ವಿಳಾಸಕ್ಕೆ ಎಂಬುದನ್ನು ಪಟ್ಟಿಯಿಂದ ಆರಿಸಿದರೆ ಆಯಿತು.

ತೊಡಕುಗಳು ಎದುರಾಗುವುದು ಅನಂತರ, ಅದೂ ಸದ್ದಿಲ್ಲದೆ. ಮೊದಲನೆಯದು ರಾತ್ರಿಯ ಕೆಲಸಗಳು. ದಾಸ್ತಾನಿನ ವರದಿ, ಬ್ಯಾಕಪ್ ಮುಂತಾದುವು ಕ್ರಾನ್ ಮೂಲಕ ನಡೆಯುವಾಗ ವೆಬ್ ಸರ್ವರನ್ನು ಹಾದುಹೋಗುವುದಿಲ್ಲ. ಅವು ಬರಿಯ ‘ಪಿಎಚ್‌ಪಿ’ ಎಂಬ ಆದೇಶವನ್ನು ಕರೆಯುತ್ತವೆ. ಹೊಸ ಆವೃತ್ತಿ ಬಂದೊಡನೆ ಆ ಹೆಸರು ಹೊಸದನ್ನೇ ಸೂಚಿಸಬಹುದು. ಹಗಲಿನಲ್ಲಿ ತಾಣ ಸರಿಯಾಗಿಯೇ ಕಾಣುತ್ತದೆ, ಬ್ಯಾಕಪ್ ಮಾತ್ರ ನಿಂತಿರುತ್ತದೆ. ಕ್ರಾನ್‌ನ ಪ್ರತಿ ಸಾಲಿನಲ್ಲೂ ಆವೃತ್ತಿಯ ಪೂರ್ಣ ಹೆಸರನ್ನು ಬರೆಸುವುದೇ ಇದಕ್ಕೆ ಪರಿಹಾರ.

ಎರಡನೆಯದು ಕನ್ನಡದ ಅಕ್ಷರಗಳು. ಆವೃತ್ತಿಗಳು ಎರಡಾದರೂ ಖಾತೆಪುಸ್ತಕ, ಎಂದರೆ ದತ್ತಸಂಚಯ, ಒಂದೇ. ಹಳೆಯ ಕೆಲವು ತಂತ್ರಾಂಶಗಳು ಕನ್ನಡ ಹೆಸರುಗಳನ್ನು ಲ್ಯಾಟಿನ್-1 ಕೋಷ್ಟಕಗಳಲ್ಲಿ ತುಂಬಿವೆ. ಬರೆಯುವುದೂ ಓದುವುದೂ ಅದೇ ತಪ್ಪು ದಾರಿಯಲ್ಲಿ ನಡೆಯುವುದರಿಂದ ಪರದೆಯ ಮೇಲೆ ಸರಿಯಾಗಿಯೇ ತೋರುತ್ತವೆ. ಹೊಸ ಭಾಗವು ಯುಟಿಎಫ್-8 ಸಂಪರ್ಕದಲ್ಲಿ ಅವನ್ನು ಓದಿದಾಗ ಗಿರಾಕಿಯ ಹೆಸರು ಗೋಜಲಾಗುತ್ತದೆ. ಗುಮಾಸ್ತರು ಅದನ್ನು ಅಲ್ಲಿಯೇ ತಿದ್ದಿ ಉಳಿಸಿದರೆ ಬರಿಯ ಪ್ರಶ್ನಾರ್ಥಕ ಚಿಹ್ನೆಗಳು ಉಳಿದು ಮೂಲ ಹೆಸರೇ ಅಳಿಯಬಹುದು. ಆದ್ದರಿಂದ ಕೋಷ್ಟಕಗಳ ಪರಿವರ್ತನೆ ಮುಗಿಯುವ ತನಕ ಹೊಸ ಭಾಗಕ್ಕೆ ಗಿರಾಕಿಗಳ ಪಟ್ಟಿಯನ್ನು ಓದುವ ಅಧಿಕಾರ ಮಾತ್ರ ಇರಲಿ.

ಮೂರನೆಯದು ಸೊನ್ನೆಯ ವಿಷಯ. ಪಿಎಚ್‌ಪಿ 7ರವರೆಗೆ ಖಾಲಿ ಬಿಟ್ಟ ಸ್ಥಳವನ್ನು 0 ಎಂಬ ಅಂಕಿಗೆ ಹೋಲಿಸಿದರೆ ಸಮವೆಂಬ ಉತ್ತರ ಬರುತ್ತಿತ್ತು, 8ರಲ್ಲಿ ಸಮವಲ್ಲ. ರಿಯಾಯಿತಿಯ ಮನೆಯನ್ನು ಖಾಲಿ ಬಿಡುವ ರೂಢಿಯಿರುವ ಬಿಲ್ಲುಗಳನ್ನು ಹೊಸ ಆವೃತ್ತಿಗೆ ಒಯ್ಯುವ ಮೊದಲು ಹಳೆಯ ಹತ್ತಿಪ್ಪತ್ತು ಬಿಲ್ಲುಗಳನ್ನು ಎರಡರಲ್ಲೂ ತೆಗೆದು ಮೊತ್ತವನ್ನು ತಾಳೆ ನೋಡುವುದು ಒಳಿತು.

ಹಳೆಯದು ಓಡುತ್ತಿದೆಯಲ್ಲ, ಹಾಗೆಯೇ ಇರಲಿ ಎಂಬ ಭಾವನೆ ಸಲ್ಲದು. 5.6ಕ್ಕೆ ಭದ್ರತಾ ದುರಸ್ತಿಗಳು 2018ರ ಡಿಸೆಂಬರ್ 31ಕ್ಕೆ, 7.4ಕ್ಕೆ 2022ರ ನವೆಂಬರಿನಲ್ಲಿ ನಿಂತವು. 2024ರ ಜೂನ್‌ನಲ್ಲಿ ವಿಂಡೋಸ್ ಮೇಲಿನ ಪಿಎಚ್‌ಪಿಯಲ್ಲಿ ಗಂಭೀರ ದೋಷವೊಂದು ಹೊರಬಿದ್ದಿತು. ಗಣಕಯಂತ್ರದಲ್ಲಿ ಸುಲಭವಾಗಿ ಹಾಕಿಕೊಳ್ಳಬಹುದಾದ ಎಕ್ಸಾಂಪ್ ಸಹ ಅದರ ಬಾಧೆಗೆ ಒಳಗಾಗಿತ್ತು. ಪಿಎಚ್‌ಪಿ ಬಳಗವು ಆಗ ದುರಸ್ತಿ ನೀಡಿದ್ದು 8.1, 8.2 ಮತ್ತು 8.3ಕ್ಕೆ ಮಾತ್ರ. ಹಳೆಯ ಆವೃತ್ತಿಯನ್ನು ಇರಿಸಿಕೊಳ್ಳಲೇಬೇಕಾದರೆ ಅದನ್ನು ಬೇರೆ ಬಳಕೆದಾರ ಹೆಸರಿನಲ್ಲಿ ಓಡಿಸಿ, ಕಚೇರಿಯ ಅಂತರ್ಜಾಲ ವಿಳಾಸದಿಂದ ಮಾತ್ರ ತೆರೆಯುವಂತೆ ಬಿಗಿಗೊಳಿಸಬೇಕು. ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸೈಬರ್ ಅವಘಡಗಳನ್ನು 6 ಗಂಟೆಗಳೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಕಡತಗಳನ್ನು ಇಟ್ಟಿರಬೇಕು. ಇದು ಸಣ್ಣ ಉದ್ದಿಮೆಗಳಿಗೂ 2022ರ ಸೆಪ್ಟೆಂಬರಿನಿಂದ ಅನ್ವಯಿಸಿದೆ. ಎರಡು ಸೇವೆಗಳಿದ್ದರೆ ಲಾಗ್‌ಗಳೂ ಎರಡು ಕಡೆ ಇರುತ್ತವೆಂಬುದನ್ನು ತಂತ್ರಜ್ಞರಿಗೆ ನೆನಪಿಸಬೇಕಾಗುತ್ತದೆ.

ತಂತ್ರಾಂಶ ಸಂಸ್ಥೆಯೊಡನೆ ಕರಾರು ಮಾಡಿಕೊಳ್ಳುವ ಸದಸ್ಯರು, ಹಳೆಯ ಸೇವೆಯನ್ನು ಮುಚ್ಚುವ ದಿನಾಂಕವನ್ನೂ ಯಾವ ಪುಟಗಳು ಯಾವ ತಿಂಗಳಲ್ಲಿ ಹೊಸದಕ್ಕೆ ಬರುತ್ತವೆಂಬುದನ್ನೂ ಅದರಲ್ಲಿ ಬರೆಯಿಸಿಕೊಳ್ಳಬೇಕು. ಹೊಸದಾಗಿ ಆರಿಸುವ ಆವೃತ್ತಿಯ ಗಡುವನ್ನೂ ಕೇಳಬೇಕು: 8.2ಕ್ಕೆ 2026ರ ಡಿಸೆಂಬರ್ 31, 8.3ಕ್ಕೆ 2027ರ ಡಿಸೆಂಬರ್ 31, 8.4ಕ್ಕೆ 2028ರ ಡಿಸೆಂಬರ್ 31. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕಾಗಿರುವುದರಿಂದ, ಮುಚ್ಚುವ ಮೊದಲು ಹಳೆಯ ಬಿಲ್ಲುಗಳೆಲ್ಲವನ್ನೂ ಪಿಡಿಎಫ್ ಆಗಿ ತೆಗೆದಿರಿಸುವ ಕೆಲಸವೂ ಅದೇ ಕರಾರಿನಲ್ಲಿ ಸೇರಿರಲಿ.