ಕಡಲ ಸುಳಿ ಮತ್ತು ಇಂಗಾಲದ ಅಧೋಗತಿ

ಹಿಂಜವಾಡಿಯ ಮಳೆನೀರು ಮುಳಾ-ಮುಠೆಯ ಮೂಲಕ ಭೀಮೆಯನ್ನು ಕೂಡಿ, ರಾಯಚೂರಿನ ಬಳಿ ಕೃಷ್ಣೆಯೊಡನೆ ಬೆರೆತು, ಬಂಗಾಳ ಕೊಲ್ಲಿಯತ್ತ ಸಾಗುತ್ತದೆ. ನದಿಗಳ ಸಿಹಿನೀರು ಅಲ್ಲಿ ಹಗುರವಾದ ಮೇಲ್ಪದರವಾಗಿ ಹರಡಿ, ಕೆಳಗಿನ ಪೋಷಕಾಂಶಗಳು ಮೇಲೇರದಂತೆ ತಡೆಯುತ್ತದೆ. ಈ ಮುಚ್ಚಳವನ್ನು ಸಡಿಲಿಸುವುದು ಸುಳಿ. ದೋಣಿ ನುಂಗುವ ಸುಳಿಯಲ್ಲ, ನೂರಾರು ಕಿಲೋಮೀಟರು ಅಗಲದ, ವಾರಗಟ್ಟಲೆ ತಿರುಗುವ ಜಲಚಕ್ರ. ಉತ್ತರ ಗೋಳಾರ್ಧದಲ್ಲಿ ಅಪ್ರದಕ್ಷಿಣವಾಗಿ ಸುತ್ತುವ ಸುಳಿಯು ನಡುವೆ ಕೆಳನೀರನ್ನು ಮೇಲೆತ್ತುತ್ತದೆ. ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಪ್ರಸನ್ನಕುಮಾರ್ ಮತ್ತು ಸಂಗಡಿಗರು, ಇಂತಹ ಸುಳಿಗಳಲ್ಲಿ ಸಸ್ಯಪ್ಲವಕಗಳು ಹೆಚ್ಚು ಬೆಳೆಯುವುದನ್ನು 2004ರಲ್ಲಿ ತೋರಿಸಿದರು. ಅವು ಹೀರಿದ ಇಂಗಾಲದ ಅಲ್ಪಭಾಗ ಮಾತ್ರ ಆಳಕ್ಕಿಳಿಯುತ್ತದೆ. ನದಿಯ ಹೂಳು ಅಂಟಿಕೊಂಡರೆ ಕಣಗಳು ಬೇಗ ಮುಳುಗುತ್ತವೆ. ಭೀಮಾ-ಕೃಷ್ಣೆಯರ ಹೂಳೋ, ಬಹುಮಟ್ಟಿಗೆ ಉಜನಿ, ಶ್ರೀಶೈಲ, ನಾಗಾರ್ಜುನಸಾಗರಗಳ ಹಿಂದೆಯೇ ನಿಂತಿದೆ.