ಮನೆಯಲ್ಲೇ ಡೇ ಕೇರ್ ಶುರು ಮಾಡ್ತೀರಾ? ಕೋರ್ಸ್‌ಗೆ ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ಗಂಡ-ಹೆಂಡತಿ ಇಬ್ಬರೂ ಅಂಗಡಿಯಲ್ಲೋ ಗಾರ್ಮೆಂಟ್ಸ್‌ನಲ್ಲೋ ದುಡಿಯುವ ಮನೆಗಳಲ್ಲಿ ಮಗುವನ್ನು ಯಾರ ಹತ್ತಿರ ಬಿಡೋದು ಅನ್ನೋದೇ ತಲೆನೋವು. ಹಾಗಾಗಿ ಮನೆಯಲ್ಲೇ ನಾಲ್ಕೈದು ಮಕ್ಕಳನ್ನು ನೋಡಿಕೊಳ್ಳಲು ಮುಂದಾಗುವ ಮಹಿಳೆಯರಿದ್ದಾರೆ. ಎಡವೋದು ಕೋರ್ಸ್ ಆಯ್ಕೆಯಲ್ಲಿ.

ಎನ್‌ಟಿಟಿ ಅಂದ ಕೂಡಲೇ ಹಣ ಕಟ್ಟಬೇಡಿ. ಅದು ನರ್ಸರಿ ಟೀಚರ್ ಆಗೋರಿಗೆ. ಅಲ್ಲಿ ಹಾಡು, ಅಕ್ಷರ, ಚಾರ್ಟ್‌ಗೇ ಹೆಚ್ಚು ಒತ್ತು. ಡೇ ಕೇರ್‌ಗೆ ಬರೋದು ಒಂದೆರಡು ವರ್ಷದ ಕೂಸುಗಳು. ಗಂಟಲಲ್ಲಿ ಕಡಲೆಬೀಜ ಸಿಕ್ಕಿಕೊಂಡರೆ ಚಾರ್ಟ್ ಉಪಯೋಗಕ್ಕೆ ಬರಲ್ಲ.

ವರ್ಷದೊಳಗಿನ ಕೂಸಾದರೆ ತಲೆ ತಗ್ಗಿರುವಂತೆ ಬೋರಲು ಹಿಡಿದು ಬೆನ್ನಿಗೆ 5 ಬಾರಿ ತಟ್ಟಬೇಕು, ಹೋಗದಿದ್ದರೆ ತಿರುಗಿಸಿ ಎದೆ ಮೇಲೆ 5 ಬಾರಿ ಒತ್ತಬೇಕು. ದೊಡ್ಡ ಮಕ್ಕಳಿಗೆ ಮಾಡುವಂತೆ ಹೊಟ್ಟೆ ಒತ್ತುವಂತಿಲ್ಲ. ಇದನ್ನ ಮೊಬೈಲ್ ವಿಡಿಯೋ ನೋಡಿ ಕಲಿತರೆ ಸಾಲದು, ಬೊಂಬೆ ಮೇಲೆ ಕೈಯಾರೆ ಮಾಡಬೇಕು. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬ್ಯುಲೆನ್ಸ್ ಸಂಸ್ಥೆಗಳು ಪ್ರಥಮ ಚಿಕಿತ್ಸೆ ತರಬೇತಿ ಕೊಡುತ್ತವೆ. ಮೊದಲು ಅದನ್ನೇ ಮುಗಿಸಿ.

ಪಿಯುಸಿ ಆದವರಿಗೆ ಇಗ್ನೋದಲ್ಲಿ ಶಿಶು ಆರೈಕೆ ಮತ್ತು ಶಿಕ್ಷಣದ ಡಿಪ್ಲೊಮಾ ಇದೆ, ಕನಿಷ್ಠ 1 ವರ್ಷ. ಮನೆಯಲ್ಲೇ ಓದಬಹುದು, ಆದರೆ ಅರ್ಧಕ್ಕೆ ಬಿಡೋ ಹಾಗಿದ್ದರೆ ಸೇರೋದೇ ಬೇಡ. ಲೆಕ್ಕ, ಬ್ಯಾಂಕ್ ಸಾಲದ ವಿಷಯಕ್ಕೆ ರುಡ್‌ಸೆಟ್, ಆರ್‌ಸೆಟಿಗಳಲ್ಲಿ ವಿಚಾರಿಸಿ. ಅಲ್ಲಿ ಸ್ವ ಉದ್ಯೋಗ ತರಬೇತಿಗೆ ಫೀಸಿಲ್ಲ, ಊಟ-ವಸತಿಯೂ ಉಚಿತ.

ಖಾಸಗಿ ಸೆಂಟರ್‌ನವರು ‘ಗೌರ್ಮೆಂಟ್ ಸರ್ಟಿಫಿಕೇಟ್’ ಅಂದರೆ ಯಾವ ಸಂಸ್ಥೆಯದ್ದು ಅಂತ ಕೇಳಿ, ಎನ್‌ಸಿವಿಇಟಿ ಮಾನ್ಯತೆ ಇದೆಯಾ ನೋಡಿ. ನಿಜವಾದ ಮಕ್ಕಳ ಜೊತೆ ಎಷ್ಟು ದಿನ ಪ್ರಾಕ್ಟಿಕಲ್ ಅನ್ನೋದನ್ನೂ ಕೇಳಿ. ಉತ್ತರ ತಡವರಿಸಿದರೆ ಅಡ್ವಾನ್ಸ್ ಕೊಡದೆ ವಾಪಸ್ ಬನ್ನಿ.