ಲೋಟದ ಅಂಚಿನಲ್ಲಿ ಕಂಡ ಬೆಳಕು

ದೋಣಿಗಲ್‌ನಲ್ಲಿ ಮಳೆ ಹಿಡಿಯಿತೆಂದರೆ ಮಟಮಟ ಮಧ್ಯಾಹ್ನವೂ ಮುಸ್ಸಂಜೆಯೇ. ಅಂಥದೊಂದು ದಿನ ಕರೆಂಟಿಲ್ಲದೆ ಕೂತು ಗಾಜಿನ ಲೋಟಕ್ಕೆ ಡಿಕಾಕ್ಷನ್ ಬಗ್ಗಿಸಿಕೊಂಡೆ. ಕಿಟಕಿಗೆ ಅಡ್ಡ ಹಿಡಿದು ಓರೆ ಮಾಡಿದರೆ ನಡುವೆ ಕಡುಗಪ್ಪು, ಅಂಚಿಗೆ ಬರುತ್ತ ಕೆಂಪು, ಪದರ ತೀರಾ ತೆಳುವಾದಲ್ಲಿ ಜೇನಿನ ಬಣ್ಣ. ಬಗ್ಗಿಸಿದ್ದು ಮಾತ್ರ ಒಂದೇ ಡಿಕಾಕ್ಷನ್.

ಈ ಚಮತ್ಕಾರವನ್ನೇ ಗಾಜಿನಲ್ಲಿ ದುಡಿಸಿಕೊಂಡವರು ಜೆಕ್ ಶಿಲ್ಪಿ ದಂಪತಿ ಸ್ತಾನಿಸ್ಲಾವ್ ಲಿಬೆನ್‌ಸ್ಕಿ (1921–2002) ಮತ್ತು ಯಾರೊಸ್ಲಾವಾ ಬ್ರಿಖ್ತೊವಾ (1924–2020). 1954ರಲ್ಲಿ ಝೆಲೆಜ್ನಿ ಬ್ರೋಡ್ ಎಂಬ ಊರಿನಲ್ಲಿ ಜೊತೆಯಾದರು. ಲಿಬೆನ್‌ಸ್ಕಿ ಚಿತ್ರ ಬರೆಯುತ್ತಿದ್ದರು, ಬ್ರಿಖ್ತೊವಾ ಅದಕ್ಕೆ ಮಣ್ಣಿನಲ್ಲಿ ಮೈ ಕೊಡುತ್ತಿದ್ದರು. ಆಮೇಲೆ ಅಚ್ಚು ತೆಗೆದು, ಅದರೊಳಗೆ ಗಾಜು ಕರಗಿಸುವುದು.

ಮೈಸೂರು ಅರಮನೆಯ ಕಲ್ಯಾಣ ಮಂಟಪದ ನವಿಲು ಚಾವಣಿಯನ್ನು ನೆನಪಿಸಿಕೊಳ್ಳಿ. ಗ್ಲಾಸ್ಗೋದಲ್ಲಿ ತಯಾರಾದ ಆ ಚಾವಣಿಯಲ್ಲಿ ನೀಲಿ ಬೇಕಾದಲ್ಲಿ ನೀಲಿ ಗಾಜು, ಹಸಿರು ಬೇಕಾದಲ್ಲಿ ಹಸಿರು ಗಾಜು. ಈ ದಂಪತಿಗೆ ಎಷ್ಟೋ ಸಲ ಒಂದೇ ಬಣ್ಣದ ಗಾಜು ಸಾಕಾಗುತ್ತಿತ್ತು; ಉಳಿದದ್ದನ್ನು ದಪ್ಪ ನೋಡಿಕೊಳ್ಳುತ್ತಿತ್ತು. ಒಂದು ಸೆಂಟಿಮೀಟರ್ ಗಾಜು ಅರ್ಧ ಬೆಳಕನ್ನು ನುಂಗುತ್ತದೆ ಅನ್ನಿ. ಎರಡು ಸೆಂಟಿಮೀಟರ್ ದಾಟುವುದು ಕಾಲು ಪಾಲು, ಮೂರು ದಾಟುವುದು ಅರೆಪಾವು, ಅಂದರೆ ಎಂಟರಲ್ಲೊಂದು. ಹತ್ತು ದಾಟುವ ಹೊತ್ತಿಗೆ ಉಳಿಯುವುದು ಸಾವಿರದಲ್ಲೊಂದು ಪಾಲು. ಅದೂ ಎಲ್ಲ ಬಣ್ಣದ ಬೆಳಕನ್ನು ಒಂದೇ ಲೆಕ್ಕದಲ್ಲಿ ನುಂಗುವುದಿಲ್ಲ. ಡಿಕಾಕ್ಷನ್ ನೀಲಿಯನ್ನು ಬೇಗ ಕಬಳಿಸಿ, ಕೆಂಪನ್ನು ಕೊನೆಗಿಡುತ್ತದೆ.

ಹಾಗಾಗಿ ಈ ಶಿಲ್ಪಿಗಳು ಗಾಜಿನ ಬೆನ್ನಲ್ಲಿ ಗುಳಿ ಬಿಡುತ್ತಿದ್ದರು. ಗುಳಿ ಆಳವಾದಷ್ಟೂ ಗಾಜು ತೆಳು, ಬೆಳಕು ಹೆಚ್ಚು. ಹಿಂದೆ ಮೂಗಿನಾಕಾರದ ಹಳ್ಳವಿದ್ದರೆ, ಮುಂದೆ ನಿಂತವರಿಗೆ ಮೂಗು ಒಳಗಿನಿಂದ ಬೆಳಗಿದಂತೆ ಕಾಣುತ್ತದೆ. ಉಬ್ಬಲ್ಲ, ಬರೀ ಇಲ್ಲದಿರುವಿಕೆ! ನನಗೆ ಇಡೀ ಕಸುಬಿನಲ್ಲಿ ಇಷ್ಟವಾದದ್ದು ಇದೇ.

ಕಷ್ಟವಿದ್ದದ್ದು ಆರಿಸುವುದರಲ್ಲಿ. ಗಾಜಿನಲ್ಲಿ ಶಾಖ ಬೇಗ ಹರಿಯುವುದಿಲ್ಲ. ಹೊರಮೈ ತಣಿದು ಬಿಗಿದರೂ ಒಡಲು ಇನ್ನೂ ಕಾದಿರುತ್ತದೆ. ಆ ಎಳೆದಾಟಕ್ಕೆ ಗಾಜು ಸೀಳುತ್ತದೆ. ದಪ್ಪ ತಳದ ಲೋಟಕ್ಕೆ ಕುದಿಯುವ ಕಾಫಿ ಸುರಿದು ‘ಟಪ್’ ಎನ್ನಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಕಾಯುವಾಗ ಮೈ ಹಿಗ್ಗುತ್ತದೆ, ಇಲ್ಲಿ ಆರುವಾಗ ಕುಗ್ಗುತ್ತದೆ, ಅಷ್ಟೇ ವ್ಯತ್ಯಾಸ. ದೊಡ್ಡ ಶಿಲ್ಪಗಳನ್ನು ವಾರಗಟ್ಟಲೆ, ಕೆಲವನ್ನು ತಿಂಗಳುಗಟ್ಟಲೆ ಕುಲುಮೆಯಲ್ಲೇ ಇಟ್ಟು ಆರಿಸಬೇಕಾಗುತ್ತಿತ್ತು.

ಅಷ್ಟರಲ್ಲಿ ಕರೆಂಟು ಬಂತು. ಕಿಟಕಿಗೆ ಬೆನ್ನು ಹಾಕಿ ಬಲ್ಬಿನ ಕೆಳಗೆ ಲೋಟ ಓರೆ ಮಾಡಿದೆ. ಹಿಂದಿನಿಂದ ದಾಟಿ ಬರುವ ಬೆಳಕಿಲ್ಲ. ಕೆಂಪೂ ಇಲ್ಲ, ಜೇನೂ ಇಲ್ಲ. ಆರಿದ ಡಿಕಾಕ್ಷನ್ ಅಷ್ಟೇ.